ಲಿಫ್ಟಿನ ಹುಂಡಿ

ಗ್ಲದಾನಿಯ ನಲವತ್ತೊಂದು ಲಿಫ್ಟುಗಳು ನನ್ನ ಪಾಲಿಗೆ.
ತಿಬಿಲಿಸಿಯ ಮೆಟ್ರೋ ಸುಸ್ತಾಗಿ ನಿಂತುಬಿಡುವ ಕಡೆಯ ನಿಲ್ದಾಣ ದಾಟಿದರೆ
ಸಾಲುಸಾಲು ಕಾಂಕ್ರೀಟು, ಒಂಬತ್ತಂತಸ್ತು, ಹದಿನಾರಂತಸ್ತು;
ಪ್ರತಿಯೊಂದರ ಹೊಟ್ಟೆಯೊಳಗೂ ಏರಿಳಿಯುವ ಒಂದು ಪೆಟ್ಟಿಗೆ,
ಅದರ ಗೋಡೆಗೆ ಮೊಳೆ ಹೊಡೆದ ಇನ್ನೊಂದು ಪುಟ್ಟ ಪೆಟ್ಟಿಗೆ.
ಹತ್ತು ತೆತ್ರಿಯ ಬಿಲ್ಲೆ ಹಾಕಿದರೆ ಮೇಲೆ.
ಇಲ್ಲವೇ, ಮೆಟ್ಟಿಲೇನೂ ಓಡಿಹೋಗಿಲ್ಲ.
ಇಳಿಯಲು ಕಾಸಿಲ್ಲ.
“ಇಳಿಯೋದು ಎಲ್ಲೆಲ್ಲೂ ಪುಕ್ಕಟೆಯೇ” ಅನ್ನುತ್ತಾಳೆ ಹೆಂಡತಿ ಮಕ್ವಾಲ,
ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ.

ತಿಂಗಳ ಮೊದಲ ಸೋಮವಾರ ಹುಂಡಿ ಬಿಚ್ಚುತ್ತೇನೆ.
ನೆಲಕ್ಕೆ ಹಳೇ ಪೇಪರು ಹಾಸಿ ಸುರಿದರೆ ಝಣಝಣ.
ಕಾಸಿನ ಮಾತು ಬಿಡಿ, ಅದು ಕಚೇರಿಯದು.
ಕಾಸಲ್ಲದ್ದು ನನ್ನದು:
ನಾಲ್ಕು ತೂತಿನ ಕೋಟಿನ ಗುಂಡಿ,
ರೈಲು ಹಳಿಯ ಮೇಲಿಟ್ಟು ಹಪ್ಪಳ ಮಾಡಿದ ಸೋಡಾ ಮುಚ್ಚಳ,
ಅಗಲವಾದ ಕೆಂಪು ಚಾಕಲೇಟು ಕಾಗದದಲ್ಲಿ ಸುತ್ತಿದ ಮತ್ತೊಂದು ಚಾಕಲೇಟು ಕಾಗದ,
ಒಮ್ಮೆ ಒಂದೇ ಒಂದು ಸೂರ್ಯಕಾಂತಿ ಬೀಜ.
ಬೀಜ ಹಾಕಿ ಒಂಬತ್ತನೆಯ ಮಹಡಿಯ ಗುಂಡಿ ಒತ್ತಿದ
ಆ ನಂಬಿಕಸ್ಥ ಯಾರೇ ಇರಲಿ,
ನಾನು ಟೋಪಿ ತೆಗೆದೆ.

ಮಾರ್ಚಿನಲ್ಲಿ, ಇಪ್ಪತ್ತಮೂರನೇ ಕಟ್ಟಡದಲ್ಲಿ, ಒಂದು ಹಲ್ಲು.
ಹಾಲುಹಲ್ಲು. ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ,
ಬುಡದಲ್ಲಿ ಒಣಗಿದ ರಕ್ತದ ಕಂದು ಗೆರೆ.
ನಮ್ಮ ಪಟ್ಟಿಯಲ್ಲಿ ‘ಇತರೆ’ ಎಂಬ ಕಾಲಮ್ಮಿದೆ, ಬರೆದೆ: ಹಲ್ಲು, ಒಂದು.
ಕಚೇರಿಯಿಂದ ಎತೇರಿ ಫೋನು ಮಾಡಿದಳು:
“ಇದನ್ನ ಜಮಾಕ್ಕೆ ಹಾಕಲೋ, ಖರ್ಚಿಗೆ ಹಾಕಲೋ?”
ಮೂವತ್ತು ವರ್ಷದಲ್ಲಿ ಅವಳು ಕೇಳಿದ
ಮೊದಲ ಒಳ್ಳೆಯ ಪ್ರಶ್ನೆ ಅದು.
ಯೋಚಿಸಿದೆ. ಬಾಯಿಗೆ ಖರ್ಚು, ನಮಗೆ ಜಮಾ.
ಅವಳು ನಕ್ಕಳು; ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಫೋನಿಡಲಿಲ್ಲ.

ಆದರೆ ಲಿಫ್ಟು ಮೇಲೆ ಹೋಯಿತೇ?
ಹಲ್ಲಿಗೆ?
ಐವತ್ತೆಂಟು ವರ್ಷದ ಗಂಡಸು,
ಕೈಯಲ್ಲಿ ಸ್ಪ್ಯಾನರು, ಎದೆಯ ಮೇಲೆ ಕಂಪನಿಯ ಬಿಲ್ಲೆ,
ಬಾಗಿಲು ಹಾಕಿಕೊಂಡು, ಅತ್ತ ಇತ್ತ ನೋಡಿ,
ಆ ಹಲ್ಲನ್ನು ಮತ್ತೆ ಸಂದಿಗೆ ಹಾಕಿ ನೋಡಿದೆ.
ಲಿಫ್ಟು ಗಂಟಲು ಸರಿಮಾಡಿಕೊಂಡಿತು.
ಅಷ್ಟೇ.

ಮೇ ತಿಂಗಳಲ್ಲಿ ಅದೇ ಲಿಫ್ಟು ಐದು ಆರರ ನಡುವೆ ನಿಂತಿತು.
ಆರನೇ ಮಹಡಿಯ ಬಾಗಿಲು ಮೀಟಿ, ಗೇಣುದ್ದದ ಸಂದಿಯಲ್ಲಿ ಟಾರ್ಚು ಬಿಟ್ಟರೆ
ಕೆಳಗೆ ಸಿಯಾಲ ಅಜ್ಜಿ, ಬಕೆಟ್ಟಿನ ತುಂಬ ಹುಳಿ ಪ್ಲಮ್ಮು;
ಆಳೆತ್ತರದ ಕನ್ನಡಿ ತಬ್ಬಿಕೊಂಡ ಬೆಸಿಕ್;
ಮೂಲೆಯಲ್ಲಿ ತೊರ್ನಿಕೆ, ವಯಸ್ಸು ಆರು.
“ನಾಲ್ಕು ಜನಕ್ಕೆ ಮಾತ್ರ ಅಂತ ಬರೆದಿದೆ” ಅಂದ ಹುಡುಗ, ಬಹಳ ಗಂಭೀರವಾಗಿ,
“ಕನ್ನಡಿಯವರೂ ಸೇರಿ ನಾವು ಆರು.
ಅದಕ್ಕೇ ನಿಂತಿದ್ದು.”
ಬೆಸಿಕ್ ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿದ.
“ಈಗ ಮೂವರು. ಎಳೀರಿ ಮಾಮಾ!”

ನನಗೆ ಗೊತ್ತಿತ್ತು ಎಲ್ಲಿ ಏನು ಸಿಕ್ಕಿಹಾಕಿಕೊಂಡಿದೆ ಅಂತ.
ಏಳು ನಿಮಿಷದ ಕೆಲಸ.
ಅಷ್ಟರಲ್ಲಿ ಸಂದಿಯಿಂದ ಒಂದು ಕೈ ಮೇಲೆ ಬಂತು,
ಅಂಗೈಯಲ್ಲಿ ಮೂರು ಹಸಿರು ಕಾಯಿ, ಕಾಗದದ ಚೂರಲ್ಲಿ ಉಪ್ಪು.
ಕಚ್ಚಿದೆ. ಹಲ್ಲು ಜುಂ ಅಂದು ಕಣ್ಣು ತಾನಾಗಿ ಮುಚ್ಚಿತು.
ಕೆಳಗೂ ಕಚ್ಚುವ ಸದ್ದು, ಹಿಂದೆಯೇ ಅಯ್ಯಯ್ಯೋ,
ಅಜ್ಜಿಯ ಮುಖ ಹಿಂಡಿದ್ದು ಕಾಣಲೆಂದು
ಕನ್ನಡಿಯನ್ನು ಮತ್ತೆ ಇತ್ತ ತಿರುಗಿಸಿಕೊಂಡರು,
ಆರೂ ಜನ ಮುಖ ಹಿಂಡಿ ನಕ್ಕರು.
ಆ ನಗು ಬಾವಿಯಿಂದ ಬಂದಂತೆ ಮೇಲೆ ಬಂತು,
ಒಂದು ಕಾಸೂ ಹಾಕದೆ.

ನಾನು ಇಪ್ಪತ್ತು ನಿಮಿಷ ತೆಗೆದುಕೊಂಡೆ.
ಕಚೇರಿಗೆ ತಿಳಿಯದಿರಲಿ.

ಬಾಗಿಲು ತೆರೆದಾಗ ಹುಡುಗನನ್ನು ತಡೆದು ನಿಲ್ಲಿಸಿದೆ:
ಆ ಮಾಡು.
ಮಾಡಿದ. ಟಾರ್ಚು ಬಿಟ್ಟೆ.
ಮೇಲೆ ಕೆಳಗೆ ಎಲ್ಲ ಹಲ್ಲೂ ಕಾವಲುಗಾರರ ಹಾಗೆ ಸಾಲಾಗಿ ನಿಂತಿವೆ.
ಇವನಲ್ಲ.

ಹಲ್ಲು ಈಗಲೂ ನನ್ನ ಸ್ಪ್ಯಾನರು ಡಬ್ಬಿಯಲ್ಲಿದೆ, ಬೆಂಕಿಪೊಟ್ಟಣದಲ್ಲಿ.
ಇಪ್ಪತ್ತಮೂರನೇ ಕಟ್ಟಡದ ಅಂಗಳದಲ್ಲಿ ಮಕ್ಕಳು ನಕ್ಕರೆ
ನಾನು ಕೆಲಸ ಬಿಟ್ಟು ಎಣಿಸುತ್ತೇನೆ.
ಕೇಳಬೇಕಾದ್ದು ಒಂದೇ:
ಹೋಯಿತಾ, ಮಗು, ಮೇಲೆ?