ಹನ್ನೊಂದನೆಯ ಪುಟದ ಗೆರೆ

ಗ್ಲಾಸ್ಗೋದಿಂದ ಬಂದ ಪ್ರಸ್ತಾವನೆಗೆ ಅರವತ್ತು ಪುಟ.
ಐಲ್ಸಾ ಮೆಕ್‌ಕ್ವಾರಿ ಅದನ್ನು ಬಿಚ್ಚಿದ್ದು
ಆರ್ಡ್‌ಮೋರಿ ಕ್ಲಬ್ಬಿನ ಟಿಕೆಟ್ ಗೂಡಿನಲ್ಲಿ, ಹೀಟರಿಗೆ ಕಾಲು ಚಾಚಿ,
ಮೀನು ಕಾರ್ಖಾನೆಯ ರಾತ್ರಿಪಾಳಿ
ಇನ್ನೂ ಬೆರಳಲ್ಲಿ ನಾರುತ್ತಿರುವಾಗ.

ಪಿರಮಿಡ್ ಎಂಬ ಮಾತು ನಲವತ್ತೊಂದು ಸಲ.
ಎಣಿಸಿದಳು; ಎಣಿಸುವುದೇ ಅವಳ ಕೆಲಸ:
ತಲೆ, ಟಿಕೆಟ್, ಕಡಲಿಗೆ ಹಾರಿಹೋದ ಚೆಂಡು.
ಬೀಳುವುದು ಎಂಬ ಮಾತು ಒಮ್ಮೆಯೂ ಇಲ್ಲ.
ಬೀಳುವವರಿಗೆ ಅಲ್ಲಿ ಮರುಹೊಂದಾಣಿಕೆ ಆಗುತ್ತದೆ,
ಹಲ್ಲು ಕೀಳುವವರು 'ಸ್ವಲ್ಪ ಒತ್ತಿದ ಹಾಗೆ' ಅನ್ನುತ್ತಾರಲ್ಲ, ಹಾಗೆ.

ನಾಲ್ಕು ಪಂಕ್ತಿ ಇದ್ದದ್ದು ಇನ್ನು ಮೂರು.
ಮೊದಲ ಪಂಕ್ತಿಗೆ ದೊಡ್ಡ ಸೌಟು, ಟೀವಿಯವರ ತುಪ್ಪ.
ಕಡೆಯವರು ಎಲೆ ಬಿಟ್ಟೆದ್ದು, ಊರೂರ ಲೀಗಿಗೆ ಹೋಗಿ
ತಮ್ಮ ತಮ್ಮ ಬುತ್ತಿ ಬಿಚ್ಚಿಕೊಳ್ಳತಕ್ಕದ್ದು.

ಹನ್ನೊಂದನೆಯ ಪುಟದಲ್ಲಿ ಒಂದು ಗೆರೆ.
ಗೆರೆಯ ಮೇಲೆ, ಕಟ್ಟಕಡೆಗೆ, ಆರ್ಡ್‌ಮೋರಿ.
ಕೆಳಗೆ, ಮೊಟ್ಟಮೊದಲು, ಪೋರ್ಟ್‌ಲೆನನ್,
ಸೇತುವೆಯಾಚೆಯ ಊರು, ತೊಂಬತ್ತು ವರ್ಷದ ಹಗೆ.
ಐದು ವರ್ಷದ ಒಟ್ಟು ಅಂಕಗಳಲ್ಲಿ ಅಂತರ ಮೂರು.

ಆ ಮೂರು ಎಲ್ಲಿಂದ ಬಂತೆಂದು ಅವಳಿಗೆ ಗೊತ್ತು.
ಹೋದ ಅಕ್ಟೋಬರ್, ಗೋಲಿಲ್ಲದ ಆಟ, ಎಂಬತ್ತೆಂಟನೇ ನಿಮಿಷ,
ಅವರದೇ ಹುಡುಗ ದೂರಕ್ಕೆಂದು ಒದ್ದ ಚೆಂಡು
ಆಕಾಶಕ್ಕೇರಿ, ಕಡಲಗಾಳಿಗೆ ಸಿಕ್ಕು,
ಒಂದು ಗಳಿಗೆ ಯೋಚಿಸಿ, ಹಿಂದಿರುಗಿ
ಅವರ ಗೋಲ್‌ಕೀಪರನ ತಲೆಯ ಮೇಲಿಂದ ಅವರ ಬಲೆಗೇ ಬಿತ್ತು.
ನಮಗೆ ಎರಡು ಹೆಚ್ಚು, ಅವರಿಗೆ ಒಂದು ಕಡಿಮೆ.
ಗೆರೆ ಎಳೆದದ್ದು ಗಾಳಿ;
ಗ್ಲಾಸ್ಗೋ ಇಸ್ತ್ರಿ ಮಾಡಿದ್ದಷ್ಟೆ.

ಸಮಿತಿಯಲ್ಲಿ ಒಳ್ಳೆಯ ಬಿಸ್ಕತ್ತಿನ ಡಬ್ಬ ತೆರೆದರು.
ಖಜಾಂಚಿ ಟೋರ್ಕಿಲ್ ಹೊಸ ಚಾವಣಿಯ ತಗಡು
ಆಗಲೇ ಎಣಿಸುತ್ತಿದ್ದ. ಅವರು ಹೋದರೆ ಹೋಗಲಿ, ಅಂದರು.
ಮುದುಕ ಎರ್ಚಿ ಮಾತ್ರ, ಐವತ್ತು ವರ್ಷ
ಪೋರ್ಟ್‌ಲೆನನ್ನಿನ ಏಳು ತಲೆಮಾರು ಎತ್ತಿ ಆಡಿದವನು,
ಟೋಪಿ ಹಿಚುಕುತ್ತ ಕೇಳಿದ:
ಹಾಗಾದರೆ ಹೊಸ ವರ್ಷದ ದಿನ
ನಾನು ಯಾರನ್ನು ಬೈಯಲಿ?

ಯಾರೂ ನಗಲಿಲ್ಲ. ಅಥವಾ ಎಲ್ಲರೂ ನಕ್ಕರು,
ನಡಾವಳಿ ಪುಸ್ತಕದಲ್ಲಿ ಅದಿಲ್ಲ.
ಇನ್ನೊಂದು ಸಂಗತಿಯೂ ಅದರಲ್ಲಿಲ್ಲ:
ಮೈದಾನಕ್ಕೆ ಬಿಳಿ ಗೆರೆ ಹಾಕುವ ಗಾಡಿ
ಎರಡು ಕ್ಲಬ್ಬಿಗೂ ಸೇರಿ ಒಂದೇ. ಒಂದು ಚಕ್ರ ಕುಂಟು.
ಪ್ರತಿ ಗುರುವಾರ ಯಾರದೋ ವ್ಯಾನಿನಲ್ಲಿ ಸೇತುವೆ ದಾಟಿ
ಮಾತಿಲ್ಲದೆ ಗೇಟಿನ ಬಳಿ ಇಳಿಯುತ್ತದೆ,
ಹಿಡಿಕೆಗೆ ಸಿಕ್ಕಿಸಿದ ಚೀಟಿಯೊಂದಿಗೆ:
'ತೊಳೆದು ಕೊಡಿ, ಕೊಳಕರಾ.'

ಓಟಿನ ದಿನ, ಹೋಟೆಲಿನ ಸಭಾಂಗಣದಲ್ಲಿ,
ತೆಳು ಟೈಯವನೊಬ್ಬ ಪರದೆಯ ಮೇಲೆ ಪಿರಮಿಡ್ ತಿರುಗಿಸಿದ.
ಪೋರ್ಟ್‌ಲೆನನ್ನಿನ ಫಿಂಗಲ್ ರಾಂಕಿನ್ ಎರಡು ಕುರ್ಚಿ ಆಚೆ.
ಬೇಡಲಿಲ್ಲ. ಇತ್ತ ನೋಡಲೂ ಇಲ್ಲ.
ಅವನ ಬೂಟಿನ ಅಂಚಿಗೆ ಒಣಗಿದ ಸುಣ್ಣ.
ಅವಳ ಬೂಟಿಗೂ.

ಯಾವ ಕೈ ಯಾವಾಗ ಎದ್ದಿತು, ಊರಿಗೆಲ್ಲ ಗೊತ್ತು.
ಎರಡು ಓಟು ಸಾಲದೆ ಪ್ರಸ್ತಾವನೆ ಬಿತ್ತು,
ಇನ್ನೊಂದು ಸಮಿತಿ ಇನ್ನೊಂದು ಪೆನ್ಸಿಲು ಚೂಪು ಮಾಡುವವರೆಗೆ.
ಟೋರ್ಕಿಲ್ ಒಂದು ತಿಂಗಳು ಅವಳೊಡನೆ ಮಾತು ಬಿಟ್ಟ.
ಅವನನ್ನು ದೂರುವಂತಿಲ್ಲ:
ತೂತು ಚಾವಣಿ ಸುಳ್ಳು ಹೇಳುವುದಿಲ್ಲ.

ಜನವರಿ ಒಂದು. ಪೋರ್ಟ್‌ಲೆನನ್ ನಾಲ್ಕು, ನಾವು ಸೊನ್ನೆ.
ಸೋರುವ ನೀರು ಎರ್ಚಿಯ ಮಾಂಸದ ಪೈಯೊಳಗೆ ತೊಟ್ಟಿಕ್ಕುತ್ತಿತ್ತು.
ಅವನು ಎದ್ದು, ಕಂಬಿ ಹಿಡಿದು, ಗಂಟಲು ಹರಿಯುವಂತೆ
ಅವರ ಗೋಲ್‌ಕೀಪರನ ಮುತ್ತಜ್ಜನಿಂದ ಶುರು ಮಾಡಿದ.
ಗೆರೆಗಳು ಅವತ್ತು ಕುಂಟು ಚಕ್ರದ ಕಡೆಗೆ ವಾಲಿದ್ದವು,
ಅರ್ಧ ಮಳೆಗೆ ತೊಳೆದುಹೋಗಿದ್ದವು;
ಆದರೂ ಚೆಂಡು ಯಾವಾಗ ಒಳಗೆ, ಯಾವಾಗ ಹೊರಗೆ
ಎರಡೂ ಊರಿಗೆ ಕಾಣುತ್ತಿತ್ತು.