ಮೂರನೇ ಬಕಲ್

ಮುಂಜಾನೆ ಏಳಕ್ಕ ನಾ ಜಾಕೆಟ್ ಎಣಸ್ತೀನಿ.
ನಲವತ್ತೆರಡು. ಎರಡರ ಹೊಲಿಗಿ ಬಿಚ್ಯಾವ,
ಒಂದರ ಒಳಗ ಇಲಿ ಮರಿ ಹಾಕಿತ್ತು.
ನಿನ್ನಿ ಮಂದಿಯ ಬೆವರು, ಅತ್ತರು, ಗುಟ್ಕಾದ ವಾಸನಿ
ನಾರಾಯಣಪುರದ ಹಿನ್ನೀರಿನ ಗಾಳಿಗೆ ಬಿಟ್ಟು
ಕಿತ್ತಳೆ ಬಣ್ಣದ ಖಾಲಿ ಎದಿಗಳನ್ನ
ಹಗ್ಗದ ಮ್ಯಾಲ ಸಾಲಾಗಿ ತೂಗಹಾಕ್ತೀನಿ.

ಯಂಕೋಬ ಬರ್ತಾನ, ಕೈಯಾಗ ಚಾದ ಗ್ಲಾಸು.
ಇನ್ನೂರೈವತ್ತು ಕುದುರಿ ಮೋಟರು ಅವನ ಬೋಟಿಗೆ.
"ಇದನ್ನ ಟಿಕೀಟಿನ ಮಂದಿಗೆ ಹಾಕು, ದೇವಕೆಮ್ಮ.
ನನ್ನ ಎದಿ, ನನ್ನ ಮರ್ಜಿ.
ಗಾಳಿ ತಾಗಲಿಲ್ಲಂದ್ರ ಬೋಟು ಯಾಕ?
ಮನ್ಯಾಗ ಟ್ರ್ಯಾಕ್ಟರ್ ಅದ."

ನಮ್ಮಪ್ಪ, ಅಂಬಿಗೇರ ಹೊನ್ನಪ್ಪ,
ಹೊಳಿ ತುಂಬಿದಾಗ ಗಡ್ಡಿಯಿಂದ ಈಚಿ ದಂಡಿಗೆ
ಎರಡು ಒಣ ಸೋರೆಬುರುಡಿ ನಡಕ್ಕ ಕಟಗೊಂಡು
ತಲಿ ಮ್ಯಾಲ ಅಂಗಿ ಸುತಗೊಂಡು ಬರ್ತಿದ್ದ.
ಯಾವ ಸಾಹೇಬನೂ ಅವಗ ಕಟಗೋ ಅಂದಿಲ್ಲ.
ದಂಡ ಇರಲಿಲ್ಲ, ಬೋರ್ಡು ಇರಲಿಲ್ಲ.
ಬುರುಡಿ ಬಡದು ಬಡದು ಕಿವಿಗೊಟ್ಟು ಕೇಳ್ತಿದ್ದ
ಸಂತ್ಯಾಗ ಗಡಗಿ ಕೊಳ್ಳೋ ಹೆಣ್ಮಗಳಂಗ.
"ಈಜು ಬರಂಗಿಲ್ಲೇನೋ?" ಅಂತ ಯಾರರೆ ನಕ್ಕರ
"ನನಗ ಬರ್ತದ. ಹೊಳಿಗೆ ಅದು ಗೊತ್ತಿಲ್ಲ."

ಯಂಕೋಬಗ ಇದನ್ನ ಹೇಳಿದೆ.
"ಬುರುಡಿ ಕಾಲ ಹೋತು ಬಿಡಕ್ಕ" ಅಂದ.
ಹೋತು, ಹೌದು. ಅಪ್ಪನ ಹೊಳಿ ನೀರಾಗಿತ್ತು.
ನಿನ್ನ ಮೀಟರಿನ ಮುಳ್ಳು ನೂರು ದಾಟಿದ ಮ್ಯಾಲ
ಅದು ನೀರಲ್ಲೋ ತಮ್ಮಾ, ಶಹಾಬಾದ್ ಪರಸಿ.
ಪರಸಿ ಮ್ಯಾಲ ಈಜಿದವ್ರನ್ನ ನಾ ನೋಡಿಲ್ಲ.
ಬಿದ್ದ ಹೊಡತಕ್ಕ ಕಣ್ಣು ಕತ್ತಲಿ ಬಂದಾಗ
ನಿನ್ನ ಮರ್ಜಿ ಏನಂತ ನಾ ಯಾರನ್ನ ಕೇಳಲಿ?
ಬೋರಲು ತೇಲೋ ಬೆನ್ನನ್ನಾ?

ಅವ ಸುಮ್ಮ ಇರೋ ಪೈಕಿ ಅಲ್ಲ.
"ಆ ಪರಸಿ ಕಡ್ಯಾವ್ರ ತಲಿಗೆ ಯಾರರೆ ಟೋಪಿ ಕೊಟ್ಟಾರೇನು?
ನಾಕು ಮಂದಿ ಹತ್ತಿದ ಬೈಕಿಗೆ ಯಾರು ಕೈ ಅಡ್ಡ ಹಿಡಿತಾರ?
ನೀರಿನ ಮ್ಯಾಲ ಒಬ್ಬನ ಇದ್ದಾಗ
ನನ್ನ ಮ್ಯಾಲೇ ಯಾಕಿಷ್ಟು ಕಕ್ಕುಲಾತಿ?"
ಇದಕ್ಕ ನನ್ನ ಹಂತೇಲಿ ಜವಾಬಿಲ್ಲ.
ಇಷ್ಟ ಗೊತ್ತು: ಹೋದ ವರ್ಷ ಒಬ್ಬನ್ನ ಹುಡುಕಾಕ
ನನ್ನ ತಮ್ಮ ಮುಳುಗಿದ್ದು ಹನ್ನೊಂದು ಸಲ.
ಅವನ ಮರ್ಜಿ ಯಾರೂ ಕೇಳಲಿಲ್ಲ.
ಮೂರು ದಿನ ಅವ ಮೀನು ಉಣಲಿಲ್ಲ.

ಇನ್ನೊಂದು ಮಾತದ, ಯಾರಿಗೂ ಹೇಳಿಲ್ಲ.
ಹೋದ ಚಳಿಗಾಲದಾಗ, ಮಂಜು ನೀರಿನ ಮ್ಯಾಲ ಮಲಗಿತ್ತು,
ಕೀಲಿಕೈ ಮೊಳೆಗೆ ತೂಗ್ತಿತ್ತು,
ಕಾವಲಿನ ಸೈದಪ್ಪ ಕಂಬಳ್ಯಾಗ ಮುದ್ದಿಯಾಗಿದ್ದ.
ನಾ ಹತ್ತಿದೆ. ಜಾಕೆಟ್ ಹಗ್ಗದ ಮ್ಯಾಲೇ ಬಿಟ್ಟೆ.
ಸೆರಗು ಹಾರಿತು, ಹಿಡಿಲಿಲ್ಲ.
ದೊಡ್ಡಾಕಿ ಆದಾಗಿಂದ ಏನರೆ ಒಂದು ಬಿಗದ ಎದಿಗೆ
ಮೊದಲ ಸಲ ಬರೇ ಗಾಳಿ.
ಬಾಯಿ ತೆಗೆದು ಏನೋ ಒದರಿದೆ, ಮೋಟರು ನುಂಗಿತು.
ತಿರುವಿನಾಗ ಬೋಟು ಒಂದು ಮಗ್ಗಲು ಎದ್ದಾಗ
ಅಂಜಿಕಿ ಬರಲಿಲ್ಲ. ಆಮ್ಯಾಲ ಬಂತು,
ದಂಡಿಗೆ ನಿಂತು ಗಂಟು ಹಾಕುವಾಗ,
ಬೆರಳು ಮಾತು ಕೇಳಲಿಲ್ಲ.
ಗಾಳಿ ತಿರುಗಿತ್ತು. ಹಗ್ಗದ ಮ್ಯಾಲಿನ ಎದಿಗಳೆಲ್ಲ
ನನ್ನ ಕಡೆ ಮುಖ ಮಾಡಿ ನಿಂತಿದ್ವು.

ಇವತ್ತು ಹಲಗಿ ಮ್ಯಾಲ ಅವನ ಮುಂದ ನಿಂತೆ.
ಅಪ್ಪನ ಮಾತು ಎತ್ತಲಿಲ್ಲ. ಪರಸಿ ಮಾತೂ ಎತ್ತಲಿಲ್ಲ.
ಬಕಲ್ ಹಾಕಿದೆ. ಒಂದು. ಎರಡು.
ಮೂರನೇದಕ್ಕ ಹೋದ ಕೈಯನ್ನ ತಡದ.
"ಇದರೆ ನಂದು ಇರಲಿ."
ಎರಡು ಸಾಕು ಅಂತ ಯಾವ ಪುಸ್ತಕದಾಗೂ ಬರದಿಲ್ಲ.
ಬಿಟ್ಟೆ.

ಹಿನ್ನೀರು ಎರಡಾಗಿ ಸೀಳಿ ಮತ್ತ ಕೂಡಿತು.
ಸಪ್ಪಳ ಮೊದಲು ಸಣ್ಣದಾತು, ಆಮ್ಯಾಲ ಬೋಟು.
ಒಂದು ಕಿತ್ತಳೆ ಚುಕ್ಕಿ, ಅದರ ಪಟ್ಟಿ ಗಾಳಿಗೆ ಬಡಕೋತಿರಬೇಕು.
ಹಣಿಗೆ ಕೈ ಅಡ್ಡ ಹಿಡದು ನೋಡಾಕತ್ತೀನಿ.
ಅದ.
ಇನ್ನೂ ಅದ.
ಹಗ್ಗದ ಮ್ಯಾಲ ನಲವತ್ತೊಂದು.