ಮುದ್ರಕರು

ದಾವಣಗೆರೆ ಮಂಡಿಪೇಟೆಯ ಬಕ್ಕೇಶಪ್ಪ
ಕರಡು ತಿರುವಿ ಕನ್ನಡಕ ತೆಗೆದರು.
"ತೊನ್ನು ಅಂತಲೇ ಇರಬೇಕೇನ್ರಿ ಹೆಸರು?
ಬೆಳದಿಂಗಳು ಅಂತ ಏನಾದ್ರೂ ಇಡ್ರಿ.
ಇಲ್ಲಿ ಲಗ್ನಪತ್ರಿಕೆಗೆ ಬರೋರೇ ಜಾಸ್ತಿ."

ಅದೇ ಇರಲಿ ಅಂದೆ.
ಬಳೆ ಒತ್ತೆಯಿಟ್ಟು ತಂದ ದುಡ್ಡು ಕೊಟ್ಟೆ.
ನನ್ನ ಬೆರಳು ತಾಗದ ಹಾಗೆ
ನೋಟಿನ ತುದಿ ಹಿಡಿದರು.

ಮುನ್ನೂರು ಪ್ರತಿ ಈಗ ಮಂಚದ ಕೆಳಗೆ,
ಮಂಡಕ್ಕಿ ಚೀಲದ ಪಕ್ಕ.
ಪುಟ ಹೊಲಿಯುವ ಖೈರುನ್ನೀಸಾ ಮಾತ್ರ
ಒಂದು ಕೇಳಿದ್ದಳು, ತಂಗಿಗೆ,
ರಟ್ಟು ಹಾಕದೆ.

ರಾತ್ರಿ ಎರಡನೇ ಪುಟ ತೆರೆದೆ.
ಲೇಖಕಿ: ನಾನು.
ಪ್ರಕಾಶಕಿ: ನಾನೇ.
ಮುದ್ರಕರು ಅಂತಿದ್ದ ಕಡೆ
ಹೆಸರು ಕಿತ್ತುಬಿಟ್ಟಿದ್ದಾರೆ;
ಎರಡು ಬೆರಳಗಲ ಬಿಳಿ.

ಹೆಬ್ಬೆರಳಲ್ಲಿ ಸವರಿ
ನಿನಗೂ ಶುರುವಾಯ್ತೇನೇ
ಅಂದೆ.